ಅಪ್ಪನ ಕಾಲದ ಸ್ಟೀರಿಯೊ ಸೆಟ್: ನಿಮ್ಮ ಮನೆಯ ನೆನಪುಗಳೇನು, ಅನೇಕ ಮಳೆಗಾಲ ಕಂಡ ಯಂತ್ರವನ್ನು ಮತ್ತೆ ನುಡಿಸಬಹುದೇ?

ಪ್ರಶ್ನೆ ಕೇಳಿದವರು: ಕೋಡಿಬಾಗದ ಕೇಳುಗ

ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲಿ ಅಪ್ಪ ಹಲವು ವರ್ಷಗಳ ಕಾಲ ಒಂದೊಂದಾಗಿ ಕೂಡಿಸಿದ ಸ್ಟೀರಿಯೊ ಸೆಟ್ ಹಾಗೆಯೇ ಇದೆ. ಅಪ್ಪ ಈಗಿಲ್ಲ. ಮನೆಯ ಮಾಡಿನ ಹಂಚು, ಪಕಾಸುಗಳನ್ನು ಬದಲಿಸಬೇಕಾಗಿ ಬಂದಿರುವುದರಿಂದ ಪಡಸಾಲೆಯ ಸಾಮಾನುಗಳನ್ನೆಲ್ಲ ತೆರವು ಮಾಡಬೇಕಾಗಿದ್ದು, ಈ ಸೆಟ್ಟನ್ನು ಇಟ್ಟುಕೊಳ್ಳುವುದೋ, ಆಸಕ್ತರಿಗೆ ಕೊಟ್ಟುಬಿಡುವುದೋ ಎಂಬ ಮಾತು ಮನೆಯಲ್ಲಿ ನಡೆದಿದೆ.

ಮೊದಲು ಬಂದದ್ದು ಎಚ್.ಎಂ.ವಿ.ಯ ರೆಕಾರ್ಡ್ ಪ್ಲೇಯರ್. ಎಪ್ಪತ್ತರ ದಶಕದ ಕೊನೆಗೆ ಅಪ್ಪ ಅದನ್ನು ಹುಬ್ಬಳ್ಳಿಯಲ್ಲಿ ಕೊಂಡು, ಅರಬೈಲು ಘಟ್ಟ ಇಳಿದು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡೇ ತಂದರೆಂದು ಆಯಿ ಇಂದಿಗೂ ಹೇಳುತ್ತಾಳೆ. ಆಮೇಲೆ ಮುಂಬಯಿಯಿಂದ ಒಂದು ಆಂಪ್ಲಿಫೈಯರ್ ಬಂತು. ಕೊಂಕಣ ರೈಲು ಇಲ್ಲದ ಆ ದಿನಗಳಲ್ಲಿ ಅದು ಬಂದದ್ದು ಕೂಡ ಹೆದ್ದಾರಿಯ ಬಸ್ಸಿನಲ್ಲಿಯೇ. ಹಡಗಿನಲ್ಲಿ ನೌಕರಿಯಲ್ಲಿದ್ದ ಮಾಮ ಅಮೆರಿಕದ ಬಂದರೊಂದರಲ್ಲಿ ಕೊಂಡ ಕ್ಯಾಸೆಟ್ ಡೆಕ್ ಮತ್ತು ಟರ್ನ್‌ಟೇಬಲ್ ಕೊನೆಗೆ ಸೇರಿದವು. ಸ್ಪೀಕರಿನ ಪೆಟ್ಟಿಗೆಗಳನ್ನು ಮಾತ್ರ ನಮ್ಮ ಊರಿನ ಬಡಗಿಯೇ ಹಲಸಿನ ಹಲಗೆಯಲ್ಲಿ ಮಾಡಿದ್ದು. ಅಂಗಡಿಯಿಂದ ತಂದ ಪೆಟ್ಟಿಗೆಗಳ ಒತ್ತುಹಲಗೆ ಇಲ್ಲಿನ ತೇವಕ್ಕೆ ಉಬ್ಬಿ ಬಿರುಕು ಬಿಡುವುದನ್ನು ನೆರೆಮನೆಯಲ್ಲಿ ಕಂಡಿದ್ದ ಅಪ್ಪ ಈ ವಿಷಯದಲ್ಲಿ ಹಟ ಹಿಡಿದಿದ್ದರು.

ನಮ್ಮ ಮನೆಯಲ್ಲಿ ಅದುವರೆಗೆ ಇದ್ದದ್ದು ಧಾರವಾಡ ಮತ್ತು ಪಣಜಿ ಆಕಾಶವಾಣಿ ಹಿಡಿಯುವ ಒಂದು ವಾಲ್ವ್ ರೇಡಿಯೊ. ರೇಡಿಯೊದಲ್ಲಿ ಕೇಳಿದ್ದ ಅದೇ ಗಾಯನ ಎರಡು ಸ್ಪೀಕರುಗಳಿಂದ ಬಂದಾಗ, ತಬಲಾ ಒಂದು ಬದಿಗೆ, ಹಾರ್ಮೋನಿಯಂ ಇನ್ನೊಂದು ಬದಿಗೆ ಸರಿದು ನಡುವೆ ಗಾಯಕರು ಕುಳಿತಂತೆ ಕೇಳಿಸಿದ್ದು ಚಿಕ್ಕವನಾದ ನನಗೆ ಅರ್ಥವಾಗದ ವಿಸ್ಮಯವಾಗಿತ್ತು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ ಇವರ ತಟ್ಟೆಗಳೂ ಮರಾಠಿ ನಾಟ್ಯಗೀತೆಗಳ ತಟ್ಟೆಗಳೂ ಕಪಾಟಿನಲ್ಲಿ ಸಾಲಾಗಿದ್ದವು. ಭಾನುವಾರ ಸಂಜೆ ಓಣಿಯ ಹಿರಿಯರು ಬಂದು ಕೂತರೆ ತಟ್ಟೆಯ ಒಂದು ಮಗ್ಗುಲು ಮುಗಿಯುವವರೆಗೂ ಯಾರೂ ಮಾತಾಡುತ್ತಿರಲಿಲ್ಲ.

ನಾನು ಕೇಳಬಯಸುವುದು ಇಷ್ಟು. ನಿಮ್ಮ ಮನೆಗಳಲ್ಲಿ ಯಾವ ಸೆಟ್ ಇತ್ತು, ಅದನ್ನು ನಮ್ಮ ಕಡಲ ಉಪ್ಪುಗಾಳಿಯಿಂದ ಮತ್ತು ಮಳೆಗಾಲದ ತೇವದಿಂದ ಹೇಗೆ ಕಾಪಾಡಿಕೊಂಡಿರಿ? ಬಹುಕಾಲ ಕರೆಂಟ್ ಕಾಣದ ಯಂತ್ರಕ್ಕೆ ಈಗ ಪ್ಲಗ್ ಹಾಕಿದರೆ ಅಪಾಯವುಂಟೇ? ಇನ್ನೊಂದು ಸಂಶಯವೂ ಇದೆ. ಮಾಮ ತಂದ ಟರ್ನ್‌ಟೇಬಲ್‌ನಲ್ಲಿ ಯಾವ ತಟ್ಟೆ ಹಾಕಿದರೂ ಹಾಡು ನಿಧಾನವಾಗಿ, ದನಿ ದಪ್ಪವಾಗಿ ಕೇಳುತ್ತಿತ್ತು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಮೂಲಕವೇ ಅದನ್ನು ಓಡಿಸುತ್ತಿದ್ದರೂ ದೋಷ ಹೋಗಲಿಲ್ಲ. ಕೊನೆಗೆ ಅಪ್ಪ ಅದನ್ನು ಬದಿಗಿಟ್ಟು ಹಳೆಯ ಎಚ್.ಎಂ.ವಿ.ಗೇ ಮರಳಿದರು. ಕಾರಣ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಶಿರಸಿ ಸೀಮೆಯ ತೋಟಿಗ

ನಿಮ್ಮ ಬರಹ ಓದಿ ಬಹಳ ಸಂತೋಷವಾಯಿತು. ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ನಮ್ಮ ಕಡೆ ರೇಡಿಯೊ, ಟೇಪ್ ರೆಕಾರ್ಡರ್ ಮೊದಲಾದವು ಮನೆಗೆ ಬರುತ್ತಿದ್ದುದು ಅಡಿಕೆ ವಿಕ್ರಿಯಾದ ಮೇಲೆ, ಅದೂ ಮದುವೆ ಮುಂಜಿಗಳ ಖರ್ಚು ಇಲ್ಲದ ವರ್ಷದಲ್ಲಿ. ಹಾಗಾಗಿ ನಮ್ಮ ಮನೆಯಲ್ಲಿ ಕಂಪನಿಯ ಸೆಟ್ ಇರಲಿಲ್ಲ. ಪೇಟೆಯ ಮೆಕ್ಯಾನಿಕ್ ಒಬ್ಬರು ಕೂಡಿಸಿಕೊಟ್ಟ ಅಸೆಂಬಲ್ಡ್ ಸೆಟ್ ಇತ್ತು. ತಗಡಿನ ಪೆಟ್ಟಿಗೆ, ಅದರೊಳಗೆ ಎಲ್‌ಎ4440 ಎಂಬ ಐಸಿ, ಮುಂದೆ ಸಾಲಾಗಿ ಮಿನುಗುವ ಕೆಂಪು ಹಸಿರು ದೀಪಗಳು. ಎಂಬತ್ತರ ದಶಕದಲ್ಲಿ ಮತ್ತು ಆಮೇಲೆ ಇಂತಹ ಸೆಟ್ಟುಗಳು ಊರೂರಿನಲ್ಲಿ ಇದ್ದವು. ಕಂಪನಿಯ ಸೆಟ್ ಕೊಂಡವರು ಇವನ್ನು ಕೀಳಾಗಿ ಕಂಡರೂ ನಮ್ಮಂತಹ ಹಳ್ಳಿಗೆ ಇವೇ ತಕ್ಕವಾಗಿದ್ದವು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಐಸಿ ನಡೆಯುವುದು ಹನ್ನೆರಡು ಹದಿಮೂರು ವೋಲ್ಟಿನಲ್ಲಿ. ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟ್ ಇಲ್ಲದಿದ್ದಾಗ ಜೀಪಿನ ಬ್ಯಾಟರಿಗೆ ಎರಡು ವೈರು ಸಿಕ್ಕಿಸಿದರೆ ಅದು ಹಾಡುತ್ತಿತ್ತು. ಬೆಲೆಬಾಳುವ ವಿದೇಶಿ ಆಂಪ್ಲಿಫೈಯರಿಗೆ ಅದು ಸಾಧ್ಯವಿರಲಿಲ್ಲ.

ಸ್ಪೀಕರಿಗೆ ಪೆಟ್ಟಿಗೆ ಮಾಡಿಸುವ ಮೊದಲು ದೊಡ್ಡಪ್ಪ ಅದನ್ನು ದೊಡ್ಡ ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿ ಜಗಲಿಯ ಮೂಲೆಯಲ್ಲಿ ಇಟ್ಟಿದ್ದರು. ಮಡಕೆಯೊಳಗಿನ ಗಾಳಿ ಸ್ಪೀಕರಿನ ಹಿಂದಿನ ಅಲೆಯನ್ನು ಮುಂದಿನ ಅಲೆಯೊಡನೆ ಬೆರೆಯಗೊಡದೆ ಹಿಡಿದಿಡುವುದರಿಂದ ಮದ್ದಳೆಯ ಗುಂಕಾರ ತುಂಬಿಕೊಂಡು ಬರುತ್ತಿತ್ತು. ಮಡಕೆ ತನ್ನದೇ ಒಂದು ಸ್ವರವನ್ನು ಎಲ್ಲದರ ಮೇಲೂ ಹೇರುತ್ತದೆ ಎಂಬುದು ನಿಜ. ಆದರೂ ಭಾಗವತಿಕೆಯನ್ನು ಅದರಲ್ಲಿ ಕೇಳಿದ ಸುಖ ಬೇರೆಯೇ.

ನಮ್ಮ ಮನೆಯ ಸೆಟ್ಟಿನ ನಿಜವಾದ ಬದುಕು ಯಕ್ಷಗಾನದ ಸುತ್ತ ಇತ್ತು. ಚಳಿಗಾಲ ಬಂದು ಮೇಳಗಳ ತಿರುಗಾಟ ಶುರುವಾದರೆ ಚಿಕ್ಕಪ್ಪ ಸೆಲ್ಲು ಹಾಕಿದ ಟು-ಇನ್-ವನ್ (ರೇಡಿಯೊ, ಟೇಪ್ ಎರಡೂ ಇರುವ ಯಂತ್ರ) ಹೊತ್ತು ಆಟಕ್ಕೆ ಹೋಗುತ್ತಿದ್ದರು. ಮೇಳದವರ ಒಪ್ಪಿಗೆ ಪಡೆದು, ರಂಗಸ್ಥಳದ ಬದಿಯಲ್ಲಿ, ಚಂಡೆಯಿಂದ ಆದಷ್ಟು ದೂರಕ್ಕೆ ಅದನ್ನು ಇಡುತ್ತಿದ್ದರು. ಏಕೆಂದರೆ ಆ ಯಂತ್ರಗಳು ಧ್ವನಿಯ ಮಟ್ಟವನ್ನು ತಾವೇ ನಿಯಂತ್ರಿಸಿಕೊಳ್ಳುತ್ತಿದ್ದುದರಿಂದ ಚಂಡೆಯ ಒಂದು ಪೆಟ್ಟು ಬಿದ್ದರೆ ಅದರೊಡನೆ ಹಾಡುತ್ತಿರುವ ಪದ್ಯದ ದನಿ ತಕ್ಷಣ ಕುಗ್ಗಿಬಿಡುತ್ತಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ಓಡುವುದು ನಲವತ್ತೈದು ನಿಮಿಷ. ಯಾವ ಪದ್ಯ ಮುಗಿದ ಮೇಲೆ ಮಗುಚಿ ಹಾಕಿದರೆ ಅರ್ಥಗಾರಿಕೆ ತುಂಡಾಗುವುದಿಲ್ಲವೆಂಬ ಲೆಕ್ಕ ಪ್ರಸಂಗ ಬಲ್ಲವರಿಗೆ ಮಾತ್ರ ಸಾಧ್ಯವಾಗುತ್ತಿತ್ತು. ನೆಬ್ಬೂರು ನಾರಾಯಣ ಭಾಗವತರು, ಕಡತೋಕಾ ಮಂಜುನಾಥ ಭಾಗವತರು, ಕಾಳಿಂಗ ನಾವಡರು, ಹಾಗೆಯೇ ಕೆರೆಮನೆ ಶಂಭು ಹೆಗಡೆಯವರ ಮತ್ತು ಚಿಟ್ಟಾಣಿಯವರ ವೇಷಗಳ ಮಾತು, ಎಲ್ಲವೂ ಹೀಗೆ ನಮ್ಮ ನಾಗಂದಿಗೆಯ ಮೇಲಿನ ಪೆಟ್ಟಿಗೆಗೆ ಬಂದು ಸೇರಿದವು. ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಊರಿನವರು ನಮ್ಮ ಜಗಲಿಯಲ್ಲಿ ಸೇರಿ ಇಡೀ ರಾತ್ರಿ ಆ ಟೇಪುಗಳನ್ನೇ ಕೇಳಿದರು.

ತೇವದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮಾಡುತ್ತಿದ್ದುದು ಬಹಳ ಸರಳ. ಕ್ಯಾಸೆಟ್ಟುಗಳಿರುವ ಕಪಾಟಿನ ತಳದಲ್ಲಿ ಹದಿನೈದು ವಾಟಿನ ಬಲ್ಬ್ ಒಂದನ್ನು ಟೇಪಿಗೆ ತಾಗದಂತೆ ತಂತಿಯ ಗೂಡಿನೊಳಗೆ ಹಾಕಿ, ಜೂನ್ ಮೊದಲ ವಾರದಿಂದ ಉರಿಸುತ್ತಿದ್ದೆವು. ಒಳಗಿನ ಗಾಳಿ ಹೊರಗಿನದಕ್ಕಿಂತ ತುಸು ಬೆಚ್ಚಗಿದ್ದರೆ ಸಾಕು, ಬೂಸ್ಟು ಬರುವುದಿಲ್ಲ. ಸೆಟ್ಟನ್ನಂತೂ ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತು ಹಾಕಲೇಬೇಕೆಂದು ದೊಡ್ಡಪ್ಪನ ಕಟ್ಟಪ್ಪಣೆಯಿತ್ತು. ಅದರ ಒಳಗಿನ ಕಾವೇ ಅದನ್ನು ಒಣಗಿಸುತ್ತಿತ್ತು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮಾತ್ರ ಪ್ಲಗ್ ಕಿತ್ತು, ಏರಿಯಲ್ ವೈರನ್ನೂ ಕಿತ್ತಿಡುತ್ತಿದ್ದೆವು.

ನನ್ನದೂ ಒಂದು ಸಂಶಯವಿದೆ. ಚಿಕ್ಕಪ್ಪನ ಟೇಪುಗಳಲ್ಲಿ ಆಟ ಮುಂದುವರಿದಂತೆ ಭಾಗವತರ ಶ್ರುತಿ ಏರುತ್ತಾ ಹೋಗಿ, ಬೆಳಗಿನ ಜಾವದ ಹೊತ್ತಿಗೆ ಮಾತೂ ಅವಸರವಾಗಿ ಕೇಳುತ್ತದೆ. ಇದನ್ನು ಸರಿಪಡಿಸುವ ದಾರಿ ಇದೆಯೇ?

ಉತ್ತರ: ಕುಮಟೆಯ ಹಳೆ ಮೆಕ್ಯಾನಿಕ್

ಕುಮಟೆಯಲ್ಲಿ ಬಹುಕಾಲ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನು ನಾನು. ಇಬ್ಬರ ಸಂಶಯಗಳಿಗೂ ತಿಳಿದಷ್ಟು ಬರೆಯುತ್ತೇನೆ.

ಕೋಡಿಬಾಗದವರೆ, ನಿಮ್ಮ ಟರ್ನ್‌ಟೇಬಲ್ ಕೆಟ್ಟಿರಲಿಲ್ಲ. ಅಮೆರಿಕದ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಎಂದರೆ ವಿದ್ಯುತ್ತು ಸೆಕೆಂಡಿಗೆ ಎಷ್ಟು ಬಾರಿ ಆಚೆ ಈಚೆ ಹೊರಳುತ್ತದೆ ಎಂಬ ಲೆಕ್ಕ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. ಆ ಕಾಲದ ಅನೇಕ ಟರ್ನ್‌ಟೇಬಲ್‌ಗಳ ಎ.ಸಿ. ಮೋಟಾರಿನ ವೇಗ ನಿಂತಿರುವುದೇ ಹರ್ಟ್ಸಿನ ಮೇಲೆ. ಹೀಗಾಗಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗಬೇಕಾದ ತಟ್ಟೆ ಇಪ್ಪತ್ತೆಂಟರ ಆಸುಪಾಸಿನಲ್ಲಿ ತಿರುಗಿ, ಶ್ರುತಿ ಹಾರ್ಮೋನಿಯಂನ ಮೂರು ಪಟ್ಟಿಯಷ್ಟು ಕೆಳಗಿಳಿಯುತ್ತಿತ್ತು. ಪರಿಹಾರವೂ ಸುಲಭ. ಮೋಟಾರಿನ ತುದಿಯ ಹಿತ್ತಾಳೆಯ ಪುಲ್ಲಿಯನ್ನು ತೆಗೆದು, ಅದಕ್ಕಿಂತ ಐದನೇ ಒಂದು ಪಾಲು ಹೆಚ್ಚು ಅಡ್ಡಗಲದ ಪುಲ್ಲಿ ಹಾಕಿದರೆ ವೇಗ ಸರಿಯಾಗುತ್ತದೆ. ಒಳ್ಳೆಯ ಲೇತ್ ಕೆಲಸದವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ತಟ್ಟೆ ಕೂರುವ ಚಕ್ರದ ಅಂಚಿನಲ್ಲಿ ಚುಕ್ಕೆಗಳ ಸಾಲು ಇರುವ ಟರ್ನ್‌ಟೇಬಲ್ ಆಗಿದ್ದರೆ ಅದನ್ನು ಪರೀಕ್ಷಿಸಲೂಬಹುದು: ನಮ್ಮ 50 ಹರ್ಟ್ಸಿನ ದೀಪ ಸೆಕೆಂಡಿಗೆ ನೂರು ಬಾರಿ ಮಿನುಗುವುದರಿಂದ, 180 ಚುಕ್ಕೆಗಳ ಸಾಲು ನಿಂತಲ್ಲೇ ನಿಂತಂತೆ ಕಂಡರೆ ವೇಗ ಸರಿ ಎಂದು ಅರ್ಥ. ಕ್ಯಾಸೆಟ್ ಡೆಕ್ಕಿಗೆ ಈ ತೊಂದರೆ ಬಾರದಿದ್ದುದಕ್ಕೆ ಕಾರಣ, ಅದರ ಮೋಟಾರು ಡಿ.ಸಿ.ಯದ್ದು.

ಇನ್ನು ಮುಖ್ಯ ವಿಷಯ. ಬಹುಕಾಲ ಸುಮ್ಮನಿದ್ದ ಆಂಪ್ಲಿಫೈಯರಿಗೆ ದಯವಿಟ್ಟು ನೇರವಾಗಿ ಪ್ಲಗ್ ಹಾಕಬೇಡಿ. ಒಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ದೊಡ್ಡ ಕಂಡೆನ್ಸರುಗಳಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾದ ಆಕ್ಸೈಡ್ ಪದರವಿರುತ್ತದೆ. ಬಳಕೆಯಿಲ್ಲದೆ ಅದು ಸವೆದಿರುವಾಗ ಒಮ್ಮೆಲೇ ಪೂರ್ಣ ವೋಲ್ಟೇಜ್ ಬಿದ್ದರೆ ಕಂಡೆನ್ಸರ್ ಬಿಸಿಯಾಗಿ ಸಿಡಿಯಬಹುದು, ಅದರೊಡನೆ ಟ್ರಾನ್ಸ್‌ಫಾರ್ಮರ್ ಸುಡಬಹುದು. ನಾವು ಅಂಗಡಿಯಲ್ಲಿ ಮಾಡುತ್ತಿದ್ದ ಕ್ರಮವೆಂದರೆ ಸೀರೀಸ್ ಬಲ್ಬ್. ಅರವತ್ತು ವಾಟಿನ ಹಳೆಯ ತಂತಿ ಬಲ್ಬನ್ನು ಸೆಟ್ಟಿನೊಡನೆ ಸರಣಿಯಲ್ಲಿ ಸೇರಿಸಿ, ಸ್ಪೀಕರುಗಳನ್ನು ಕಿತ್ತಿಟ್ಟು ಸ್ವಿಚ್ ಹಾಕಬೇಕು. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಭಯವಿಲ್ಲ. ಪೂರ್ಣ ಪ್ರಕಾಶದಲ್ಲಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಬೇಕು. ಇದಕ್ಕೆ ಎಲ್ಇಡಿ ಬಲ್ಬ್ ನಡೆಯುವುದಿಲ್ಲ. ಮಂಕಾದ ಮೇಲೂ ಕೆಲವು ಹೊತ್ತು ಹಾಗೆಯೇ ಬಿಟ್ಟು, ಸ್ಪೀಕರ್ ಸಿಕ್ಕಿಸುವ ಜಾಗದಲ್ಲಿ ಮೀಟರಿನಿಂದ ಡಿ.ಸಿ. ವೋಲ್ಟೇಜ್ ನೋಡಬೇಕು. ಅಲ್ಲಿ ನೂರು ಮಿಲಿವೋಲ್ಟಿಗಿಂತ ಹೆಚ್ಚು ಕಂಡರೆ ಸ್ಪೀಕರ್ ಜೋಡಿಸಬೇಡಿ, ಕಾಯಿಲ್ ಕೆಡಬಹುದು. ಇದು ಕರೆಂಟಿನ ಕೆಲಸವಾದ್ದರಿಂದ ಅಭ್ಯಾಸವಿಲ್ಲದವರು ತಿಳಿದವರ ಕೈಯಿಂದಲೇ ಮಾಡಿಸಬೇಕು.

ಕರಾವಳಿಯ ಸೆಟ್ಟುಗಳಲ್ಲಿ ಘಟ್ಟದ ಮೇಲಿನವಕ್ಕಿಂತ ಹೆಚ್ಚಾಗಿ ಕಾಣುವ ರೋಗ ಸ್ವಿಚ್ಚುಗಳದ್ದು. ಉಪ್ಪುಗಾಳಿಗೆ ಸ್ವಿಚ್ಚಿನ ಮೊನೆಗಳು ಕಪ್ಪುಗಟ್ಟಿ ಒಂದು ಬದಿಯ ಸ್ಪೀಕರ್ ಬಂದು ಹೋಗಿ ಮಾಡುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆ. ಅದನ್ನು ಕಂಡ ಕೂಡಲೇ ಐಸಿ ಹೋಯಿತೆಂದು ಬದಲಿಸಿದ ಎಷ್ಟೋ ಸೆಟ್ಟುಗಳು ನನ್ನಲ್ಲಿಗೆ ಬರುತ್ತಿದ್ದವು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಬಾರಿ ಆಚೆ ಈಚೆ ತಿರುಗಿಸಿದರೆ ಅವುಗಳಲ್ಲಿ ಬಹುಪಾಲು ಸರಿಹೋಗುತ್ತಿದ್ದವು. ಸ್ಪೀಕರಿನ ಅಂಚಿನಲ್ಲಿ ಫೋಮ್ ಇದ್ದರೆ ಅದು ಈ ಹೊತ್ತಿಗೆ ಮುಟ್ಟಿದರೆ ಉದುರುವ ಸ್ಥಿತಿಯಲ್ಲಿರುತ್ತದೆ. ಬಟ್ಟೆಯ ಅಥವಾ ರಬ್ಬರಿನ ಅಂಚು ಉಳಿದಿರಬಹುದು. ಫೋಮಿನ ಹೊಸ ಉಂಗುರ ಈಗಲೂ ಸಿಗುತ್ತದೆ, ಸ್ಪೀಕರನ್ನೇ ಎಸೆಯಬೇಕಾಗಿಲ್ಲ.

ಡೆಕ್ಕಿನ ಬೆಲ್ಟ್ ಹಳೆಯದಾಗಿ ಡಾಂಬರಿನಂತೆ ಕರಗಿ ಪುಲ್ಲಿಗೆ ಮೆತ್ತಿಕೊಂಡಿರುತ್ತದೆ. ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಪೂರ್ತಿ ತೆಗೆದ ಮೇಲೆಯೇ ಹೊಸ ಬೆಲ್ಟ್ ಹಾಕಬೇಕು, ಇಲ್ಲವಾದರೆ ವೇಗ ನಡುಗುತ್ತದೆ. ಟೇಪನ್ನು ಓದುವ ಹೆಡ್ಡನ್ನೂ ಸ್ಪಿರಿಟ್ಟಿನಿಂದ ಒರೆಸಬಹುದು. ಆದರೆ ಅದೇ ಸ್ಪಿರಿಟ್ಟನ್ನು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಗಳಿಗೆ ಎಂದೂ ತಾಗಿಸಬಾರದು, ಅರಗು ಅದರಲ್ಲಿ ಕರಗುತ್ತದೆ. ಅವುಗಳನ್ನು ಶುದ್ಧ ನೀರು ಮತ್ತು ಒಂದೆರಡು ಹನಿ ಮೃದು ಸೋಪಿನಿಂದ, ನಡುವಿನ ಕಾಗದದ ಲೇಬಲ್ ನೆನೆಯದಂತೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. 78ರ ಗೆರೆ ಎಲ್‌ಪಿಯ ಗೆರೆಗಿಂತ ಮೂರು ನಾಲ್ಕು ಪಟ್ಟು ಅಗಲವಾದ್ದರಿಂದ ಅದಕ್ಕೆ ಬೇರೆಯೇ ಸೂಜಿ ಬೇಕು ಎಂಬುದನ್ನೂ ನೆನಪಿಡಿ.

ಶಿರಸಿಯವರೆ, ನಿಮ್ಮ ಚಿಕ್ಕಪ್ಪನ ಟೇಪಿನಲ್ಲಿ ಶ್ರುತಿ ಏರುವುದಕ್ಕೆ ಕಾರಣ ಸೆಲ್ಲು. ಸೆಲ್ಲು ಇಳಿಯುತ್ತ ಹೋದಂತೆ ಮೋಟಾರು ನಿಧಾನವಾಗಿ, ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿಗಿಂತ ಕಡಿಮೆ ಓಡಿ ದಾಖಲಾಗಿದೆ. ಈಗ ಅದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲವೂ ಬೇಗವಾಗಿ, ಮೇಲಿನ ಶ್ರುತಿಯಲ್ಲಿ ಕೇಳುತ್ತದೆ. ಟೇಪನ್ನು ಇದ್ದಂತೆಯೇ ಕಂಪ್ಯೂಟರಿಗೆ ಇಳಿಸಿಕೊಂಡು, ಆಮೇಲೆ ವೇಗ ತಿದ್ದುವುದು ಉತ್ತಮ. ಆಟ ಆರಂಭವಾದಾಗಿನ ಶ್ರುತಿಪೆಟ್ಟಿಗೆಯ ಸ್ವರವನ್ನು ಹಿಡಿದು, ಅದು ಕೊನೆಯವರೆಗೂ ಒಂದೇ ಕಡೆ ನಿಲ್ಲುವಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬನ್ನಿ. ಭಾಗವತರು ನಡುವೆ ಶ್ರುತಿ ಬದಲಿಸಿದ್ದರೆ ಅದನ್ನು ಬಲ್ಲವರು ಜೊತೆಗಿರಬೇಕು. ಕರೆಂಟಿನಲ್ಲಿ ಓಡಿಸಿ ದಾಖಲಿಸಿದ ಟೇಪಾಗಿದ್ದರೆ ಅದರೊಳಗೆ ಸಣ್ಣಗೆ ಗುಂಯ್ ಎನ್ನುವ 50 ಹರ್ಟ್ಸಿನ ಸದ್ದೂ ಸೇರಿರುತ್ತದೆ. ಆಗ ಅದನ್ನೇ ಅಳತೆಗೋಲಾಗಿ ಹಿಡಿಯಬಹುದು.

ಉತ್ತರ: ಭಟ್ಕಳದ ಮಗಳು

ಮೇಲಿನ ಎರಡೂ ಉತ್ತರಗಳಿಂದ ಬಹಳ ತಿಳಿದುಕೊಂಡೆ. ನಮ್ಮ ಭಟ್ಕಳದ ಮನೆಗಳಲ್ಲಿ ಸ್ಟೀರಿಯೊ ಬಂದದ್ದು ಗಲ್ಫಿನಿಂದ. ದುಬೈ, ಸೌದಿಗಳಿಗೆ ದುಡಿಯಲು ಹೋದ ಗಂಡಸರು ರಜೆಗೆ ಬರುವಾಗ ಬಟ್ಟೆ, ಅತ್ತರುಗಳ ಜೊತೆಗೆ ದೊಡ್ಡ ಎರಡು ಸ್ಪೀಕರಿನ ಟೇಪ್ ರೆಕಾರ್ಡರ್ ತರುವುದು ವಾಡಿಕೆಯಾಗಿತ್ತು. ನಮ್ಮದರಲ್ಲಿ ಎರಡು ಕ್ಯಾಸೆಟ್ ಒಟ್ಟಿಗೆ ಹಾಕುವ ಸೌಲಭ್ಯವಿತ್ತು. ಹಿಂದೆ ಒಂದು ಸಣ್ಣ ಸ್ವಿಚ್ಚು 110, 127, 220, 240 ಎಂಬ ಅಂಕೆಗಳ ನಡುವೆ ತಿರುಗುತ್ತಿತ್ತು. ಊರಿಗೆ ಬಂದ ಕೂಡಲೇ ಅಪ್ಪ ಅದನ್ನು ನಾಣ್ಯದ ಅಂಚಿನಿಂದ 240ಕ್ಕೆ ತಿರುಗಿಸಿ, ಮೇಲೆ ಪ್ಲಾಸ್ಟರ್ ಪಟ್ಟಿ ಅಂಟಿಸಿ, ಮಕ್ಕಳು ಮುಟ್ಟಕೂಡದೆಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಆದರೆ ನಮ್ಮ ಮನೆಯಲ್ಲಿ ಆ ಯಂತ್ರದ ಮೊದಲ ಉಪಯೋಗ ಹಾಡು ಕೇಳುವುದಾಗಿರಲಿಲ್ಲ. ಅಪ್ಪ ಅಲ್ಲಿಂದ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳುಹಿಸುತ್ತಿದ್ದರು. ಫೋನ್ ಮಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾಗಿದ್ದ, ಮಾತಿನ ನಿಮಿಷಕ್ಕೆ ದುಬಾರಿ ಹಣ ತೆರಬೇಕಾಗಿದ್ದ ಕಾಲವದು. ರಜೆಗೆ ಬರುವ ಊರಿನವರ ಕೈಯಲ್ಲಿ ಕ್ಯಾಸೆಟ್ ಬಂದರೆ ಮನೆಯ ಹೆಂಗಸರು, ಮಕ್ಕಳು ಎಲ್ಲರೂ ಸುತ್ತ ಕೂರುತ್ತಿದ್ದೆವು. ಅಪ್ಪ ಒಬ್ಬೊಬ್ಬರ ಹೆಸರು ಹಿಡಿದು ಮಾತಾಡುತ್ತಿದ್ದರು. ಅವರ ಮಾತಿನ ಹಿಂದೆ ಕೋಣೆಯ ಏಸಿಯ ಸದ್ದು, ಜೊತೆಯವರು ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಮಗ್ಗುಲು ಮಗುಚಿದರೆ ಆ ಬದಿ ಖಾಲಿ ಇರುತ್ತಿತ್ತು, ಅದು ನಮ್ಮ ಉತ್ತರಕ್ಕೆ. ಅಜ್ಜಿ ಮೈಕಿನ ಹತ್ತಿರ ಬಾಯಿಟ್ಟು ಮೊದಲು ದುಆ ಹೇಳಿ, ಆಮೇಲೆ ಮಳೆ, ಮೀನಿನ ಬೆಲೆ, ಯಾರ ಮನೆಯಲ್ಲಿ ನಿಕಾಹ್ ಎಂಬುದನ್ನೆಲ್ಲ ಹೇಳುತ್ತಿದ್ದರು. ಅಕ್ಷರ ಬಾರದ ಅವರು ಮಗನಿಗೆ ಯಾರ ಸಹಾಯವೂ ಇಲ್ಲದೆ ಬರೆದ ಪತ್ರಗಳೆಂದರೆ ಇವೇ.

ಒಂದು ಕ್ಯಾಸೆಟ್ ಉತ್ತರ ಹೊತ್ತು ಹಿಂತಿರುಗಿ ಹೋಗುತ್ತಿದ್ದುದರಿಂದ, ಎಷ್ಟೋ ಬಾರಿ ಹಳೆಯ ಮಾತಿನ ಮೇಲೆಯೇ ಹೊಸ ಮಾತು ದಾಖಲಾಗುತ್ತಿದ್ದುದರಿಂದ ನಮ್ಮಲ್ಲಿ ಉಳಿದಿರುವುದು ಕೆಲವೇ. ಅಜ್ಜಿಯ ದನಿಯಿರುವ ಕ್ಯಾಸೆಟ್ಟಿನಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಸಣ್ಣ ಬಟ್ಟೆಯ ತುಂಡು ಅಂಟು ಬಿಟ್ಟು ಬಿದ್ದುಹೋಗಿ, ಮಾತು ಎಲ್ಲೋ ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ಮಂಗಳೂರಿನಲ್ಲಿ ಓದುತ್ತಿದ್ದ ನನ್ನ ತಮ್ಮ ಅದರ ಐದು ಸ್ಕ್ರೂ ಬಿಚ್ಚಿ, ಟೇಪಿನ ಎರಡೂ ಸುರುಳಿಗಳನ್ನು ಅಲುಗಾಡದಂತೆ ಎತ್ತಿ ಬೇರೊಂದು ಒಳ್ಳೆಯ ಕ್ಯಾಸೆಟ್ಟಿನ ಕವಚಕ್ಕೆ ಕೂರಿಸಿದ ಮೇಲೆ ದನಿ ಸ್ಪಷ್ಟವಾಯಿತು. ಸ್ಕ್ರೂ ಇಲ್ಲದೆ ಪೂರ್ತಿ ಬೆಸೆದ ಕವಚಗಳೂ ಇವೆ, ಅವನ್ನು ಬಹಳ ಎಚ್ಚರದಿಂದ ಅಂಚಿನಲ್ಲಿ ಸೀಳಬೇಕಾಗುತ್ತದೆ.

ಕೋಡಿಬಾಗದ ಅಣ್ಣ, ತಾವು ಯಂತ್ರಗಳ ಬಗ್ಗೆ ಇಷ್ಟು ವಿವರವಾಗಿ ಬರೆದಿದ್ದೀರಿ. ತಟ್ಟೆಗಳ ಹಾಡು ಇನ್ನೆಲ್ಲಾದರೂ ಸಿಕ್ಕೀತು. ತಮ್ಮ ತಂದೆಯವರ ಡೆಕ್ಕಿನಲ್ಲಿ ಮನೆಯವರು ತಾವೇ ಮಾಡಿಕೊಂಡ ರೆಕಾರ್ಡಿಂಗ್ ಏನಾದರೂ ಇದೆಯೇ ಎಂದು ಮೊದಲು ನೋಡಿ. ಸೆಟ್ಟನ್ನು ಇಡುವುದೋ ಕೊಡುವುದೋ ಎಂಬ ತೀರ್ಮಾನ ಆಮೇಲೆ ಮಾಡಬಹುದು.

ಉತ್ತರ: ಅಂಕೋಲೆಯ ಶಿಕ್ಷಕ

ಹಳೆಯ ತಟ್ಟೆಯ ಧ್ವನಿಯೇ ಶ್ರೇಷ್ಠ, ಆಮೇಲೆ ಬಂದದ್ದೆಲ್ಲ ಕೃತಕ ಎಂಬ ಮಾತು ಇಂತಹ ಚರ್ಚೆಗಳಲ್ಲಿ ಬಂದೇ ಬರುತ್ತದೆ. ಇಲ್ಲಿ ಯಾರೂ ಹಾಗೆ ಹೇಳದಿದ್ದುದು ನನಗೆ ಮೆಚ್ಚುಗೆಯಾಯಿತು. ಮಂದ್ರದಲ್ಲಿ ನಿಧಾನವಾಗಿ ಬೆಳೆಯುವ ಆಲಾಪವನ್ನು ಕೇಳುವಾಗ ಕ್ಯಾಸೆಟ್ಟಿನ ಹಿಸ್ ಸದ್ದು, ತಟ್ಟೆಯ ಚಟಪಟ ಸದ್ದು ಎರಡೂ ಅಡ್ಡಿಯೇ. 1982ರಲ್ಲಿ ಸಿಡಿ ಬಂದಾಗ ಆ ಅಡ್ಡಿ ಹೋಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಎಲ್‌ಪಿಯ ಒಂದು ಮಗ್ಗುಲು ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಮುಗಿಯುತ್ತಿದ್ದುದರಿಂದ ಒಬ್ಬರು ಎದ್ದು ಮಗುಚಿ ಹಾಕಬೇಕಾಗಿತ್ತು, ಆ ಬಿಡುವಿನಲ್ಲಿ ಕೇಳಿದ್ದರ ಬಗ್ಗೆ ಮಾತು ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ರಾಗಗಳ ಹೆಸರು ನಾನು ಕಲಿತದ್ದು ಆ ಬಿಡುವುಗಳಲ್ಲಿ.

ಮರುಪ್ರತಿಕ್ರಿಯೆ: ಕೋಡಿಬಾಗದ ಕೇಳುಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಟ್ಕಳದ ತಂಗಿಯ ಮಾತಿನಂತೆ ಕಪಾಟಿನ ಕೆಳಗಿನ ಖಾನೆಯನ್ನು ಆಯಿಯನ್ನು ಕೂರಿಸಿಕೊಂಡೇ ಬಿಚ್ಚಿ ನೋಡಿದೆ. ಅಪ್ಪನ ಕೈಬರಹದಲ್ಲಿ ಹೆಸರು ಬರೆದ ಕ್ಯಾಸೆಟ್ಟುಗಳ ಹಿಂದಿನ ಸಾಲಿನಲ್ಲಿ ಹೆಸರಿಲ್ಲದ ಕೆಲವು ಸಿಕ್ಕವು. ಅವುಗಳಲ್ಲಿ ಗಣೇಶ ಚೌತಿಯ ಭಜನೆ ಇದೆಯೆಂದೂ ಹಾರ್ಮೋನಿಯಂ ನುಡಿಸಿದ್ದು ಅಪ್ಪನೇ ಎಂದೂ ಆಯಿ ಹೇಳಿದಳು. ಅಪ್ಪನ ಹಾರ್ಮೋನಿಯಂ ಕೇಳಿದ ನೆನಪು ನನಗಿಲ್ಲ. ಆದ್ದರಿಂದ ಸೆಟ್ಟನ್ನು ಯಾರಿಗೂ ಕೊಡುವುದಿಲ್ಲವೆಂದು ಮನೆಯಲ್ಲಿ ನಿಶ್ಚಯವಾಗಿದೆ.

ಒಂದೆರಡು ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದರೆ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿಯ ಚುಕ್ಕೆಗಳು ಕಾಣುತ್ತವೆ. ಕುಮಟೆಯವರೆ, ಇದು ಬೂಸ್ಟೇ? ಇವನ್ನು ಹಾಕಬಹುದೇ? ಕಂಪ್ಯೂಟರಿಗೆ ಇಳಿಸುವ ಕ್ರಮವನ್ನೂ ದಯವಿಟ್ಟು ತಿಳಿಸಿ.

ಉತ್ತರ: ಕುಮಟೆಯ ಹಳೆ ಮೆಕ್ಯಾನಿಕ್

ಅದು ಬೂಸ್ಟೇ. ಹಾಗೆಯೇ ಹಾಕಬೇಡಿ, ಬೂಸ್ಟು ಹೆಡ್ಡಿಗೂ ರೋಲರಿಗೂ ತಾಗಿ ಅಲ್ಲಿಂದ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅವನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಕವಚ ಬಿಚ್ಚಿ ಸುರುಳಿಯ ಅಂಚನ್ನು ಮೆತ್ತನೆಯ ಒಣ ಬ್ರಷ್ಷಿನಿಂದ ಒರೆಸಿ, ಹೊಸ ಕವಚಕ್ಕೆ ಹಾಕಿ. ಬಿಸಿಲಿಗಾಗಲಿ ಒಲೆಯ ಹತ್ತಿರವಾಗಲಿ ಇಡಕೂಡದು.

ನುಡಿಸುವ ಮುನ್ನ ಪ್ರತಿ ಟೇಪನ್ನೂ ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡ ಪದರಗಳು ಬಿಡಿಸಿಕೊಳ್ಳುತ್ತವೆ. ನಿಮ್ಮ ತಂದೆಯವರು ಅದೇ ಡೆಕ್ಕಿನಲ್ಲಿ ದಾಖಲಿಸಿದ್ದರೆ ಅದರಲ್ಲಿಯೇ ಹಾಕಿ. ಪ್ರತಿ ಡೆಕ್ಕಿನ ಹೆಡ್ಡೂ ಕೂದಲೆಳೆಯಷ್ಟು ಬೇರೆ ಬೇರೆ ಓರೆಯಲ್ಲಿ ನಿಂತಿರುತ್ತದೆ, ಬೇರೆ ಯಂತ್ರದಲ್ಲಿ ಹಾಕಿದರೆ ತಾಳದ ಝಣಝಣ ಮಂಕಾಗುವುದು ಇದರಿಂದಲೇ. ದನಿ ಮಂಕೆನಿಸಿದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು, ಟೇಪು ಓಡುತ್ತಿರುವಾಗಲೇ, ಅತಿ ಸ್ವಲ್ಪ ಆಚೆ ಈಚೆ ತಿರುಗಿಸಿ, ತಾಳ ಅತ್ಯಂತ ಸ್ಪಷ್ಟವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ದಾಖಲಿಸುವಾಗ ಡಾಲ್ಬಿ (ಹಿಸ್ ತಗ್ಗಿಸುವ ಸ್ವಿಚ್) ಹಾಕಿದ್ದರೆ ಮಾತ್ರ ಈಗಲೂ ಹಾಕಬೇಕು. ಭಜನೆಯಾದ್ದರಿಂದ ತಾಳದ ಸದ್ದು ಅದನ್ನು ಹಾಕಿದಾಗ ಸಹಜವಾಗಿದೆಯೋ ತೆಗೆದಾಗಲೋ ಎಂದು ಕೇಳಿ ತೀರ್ಮಾನಿಸಬಹುದು.

ಹೆಡ್‌ಫೋನಿನ ತೂತಿನಿಂದಲ್ಲ, ಹಿಂಬದಿಯ ಲೈನ್ ಔಟ್‌ನಿಂದ ವೈರು ಎಳೆದು, ಯುಎಸ್‌ಬಿ ಸೌಂಡ್ ಕಾರ್ಡಿನ ಮೂಲಕ ಕಂಪ್ಯೂಟರಿಗೆ 48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ವೇವ್ ಫೈಲಾಗಿ ಇಳಿಸಿಕೊಳ್ಳಿ. ಎಂಪಿ3 ಮಾಡುವುದು ಮನೆಯವರಿಗೆ ಹಂಚಲು ಮಾತ್ರ ಸಾಕು. ಹಿಸ್ ತೆಗೆಯುವ ಕೆಲಸವನ್ನು ಮೂಲ ಫೈಲಿನ ಮೇಲೆ ಮಾಡದೆ ಪ್ರತಿಯ ಮೇಲೆ ಮಾಡಿ. ಹಿಸ್ಸಿನೊಡನೆ ಉಸಿರಿನ ಸದ್ದೂ ಹೋಗಿಬಿಡುತ್ತದೆ. ಬೆಲ್ಟಿನ ಅಳತೆ ತಿಳಿಯದಿದ್ದರೆ ಹಳೆಯದರ ಹಾದಿಯಲ್ಲಿ ಪುಲ್ಲಿಗಳ ಸುತ್ತ ನೂಲು ಹಿಡಿದು ಉದ್ದ ಅಳೆದು, ಅದಕ್ಕಿಂತ ನೂರಕ್ಕೆ ಐದಾರು ಪಾಲು ಕಡಿಮೆ ಸುತ್ತಳತೆಯದನ್ನು ತರಿಸಿ. ಡೆಕ್ಕಿನ ಹಿಂಬದಿಯ ಮಾಡೆಲ್ ನಂಬರನ್ನು ಇಲ್ಲಿ ಬರೆದರೆ ಬೆಲ್ಟಿನ ದಪ್ಪವನ್ನೂ ಹುಡುಕಿ ತಿಳಿಸುತ್ತೇನೆ.